ಹೂವಿನ ಹೆಸರು, ಹಂದಿಯ ಬೋರ್ಡು

“ನನ್ನ ಮೊಮ್ಮಗಳಿಗೆ ಹೆಸರಿಡೋನು ನಾನು! ಇದರಲ್ಲಿ ಇನ್ಯಾರೂ ಬಾಯಿ ಹಾಕಕೂಡದು!”

ಹೀಗೆ ಘೋಷಿಸಿ ನಾನು ಊಟದ ಮೇಜನ್ನು ಗುದ್ದಿದ ರಭಸಕ್ಕೆ ಪೋಯಿ ತುಂಬಿದ ಬಟ್ಟಲು ಎಗರಿ, ಕೆಸುವಿನ ಗೆಡ್ಡೆಯ ಆ ಅಂಟುಗಂಜಿಯೆಲ್ಲ ಅಳಿಯ ರೂಬೆನ್‌ನ ತೊಡೆ ಮೇಲೆ ಕೂತಿತು. ಅವನು ಒಳ್ಳೆಯವನು, ಬೆರಳಲ್ಲಿ ಬಳಿದು ಬಟ್ಟಲಿಗೇ ಹಾಕಿದ. ಮಗಳು ನೊಹೆಯಾ ಮಾತ್ರ ಎಂಟು ದಿನದ ಕೂಸನ್ನು ಒಂದು ಕೈಯಲ್ಲಿ ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನನ್ನನ್ನು ದುರುಗುಟ್ಟಿ ನೋಡಿದಳು.

“ಅಪ್ಪಾ, ಕೈಲಾನಿ ಅಂತಿಟ್ಟರೆ ಏನು ತಪ್ಪು? ಇಲ್ನೋಡು, ಅಮೆರಿಕದ ತುಂಬ ಈಗ ಹವಾಯಿ ಹೆಸರೇ ಫ್ಯಾಷನ್ನಂತೆ. ಕರೆಯೋಕೆ ಮೆತ್ತಗೆ, ಕೇಳೋಕೆ ಹೊಸದು, ಅರ್ಥ ನೋಡಿದರೆ ಕಡಲು ಮತ್ತು ಆಕಾಶ! ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದಾರೆ.”

“ಯಾರು ಕೊಟ್ಟಿರೋದು?”

“ಈ ಪಟ್ಟಿ ಮಾಡಿದೋರು.”

“ಅವರು ಕಡಲು ಕಂಡಿದಾರಾ? ನಮ್ಮ ಮನೆ ಕೂಸಿಗೆ ನಮ್ಮದೇ ಭಾಷೆ ಹೆಸರನ್ನ ಹಿಮ ಬೀಳೋ ಊರಿನೋರು ಆರಿಸಿ ಕಳಿಸಬೇಕಾ? ಕೈಲಾನಿ, ಕೈಲಾನಿ ಅಂತ ಕೆತ್ತಿ ಕೆತ್ತಿ ಇನ್ನು ನನ್ನ ಕೈಲಾಗಲ್ಲ!”

ಸುಳ್ಳಲ್ಲ ಸ್ವಾಮಿ. ನಮ್ಮ ಹವಾಯಿ ದ್ವೀಪದ ಹಿಲೋ ಪೇಟೆಯ ಸಂತೆಯಲ್ಲಿ ಮೂವತ್ತು ವರ್ಷದಿಂದ ನನ್ನದೊಂದು ಅಂಗಡಿ ಇದೆ. ದೋಣಿಯ ಹುಟ್ಟಿನ ಆಕಾರಕ್ಕೆ ಹಲಗೆ ಕೊಯ್ದು, ಅದರ ಮೇಲೆ ಹೆಸರು ಕೆತ್ತಿ, ಕೆಳಗೆ ಅರ್ಥ ಬರೆದು ಕೊಡುತ್ತೇನೆ. ಮೊದಲೆಲ್ಲ ಜನ ದೋಣಿಗೆ, ಮನೆಗೆ, ನಾಯಿಗೆ ಅಂತ ಮಾಡಿಸುತ್ತಿದ್ದರು. ಈಗ ಎಲ್ಲ ತೊಟ್ಟಿಲಿಗೆ! ವಿಮಾನ ಇಳಿದು ಬರುವ ಹತ್ತು ಬಸುರಿಯರಲ್ಲಿ ಏಳು ಜನರ ಹೊಟ್ಟೆಯಲ್ಲಿರೋದು ಕೈಲಾನಿ. ಉಳಿದ ಮೂವರದ್ದು ಅವಳಿ ಕೈಲಾನಿ.

ಹಲಗೆಯ ಬೆನ್ನಿಗೆ ನನ್ನ ಹೆಸರು, ಊರು ಕೆತ್ತೋದನ್ನು ಮಾತ್ರ ನಾನು ಎಂದೂ ಮರೆತವನಲ್ಲ. ಕಹೊಹೊನೊ. ಊರಿಗೆಲ್ಲ ಹೊನೊ, ಹೊನ್ನಿಗೆ ಕೂದಲೆಳೆ ದೂರ. ‘ಹೊಹೊನು’ ಅಂದರೆ ನಮ್ಮಲ್ಲಿ ಆಳ. ‘ಕಹೊಹೊನು’ ಅಂದರೆ ಆಳಕಡಲು, ಅಗಾಧ! ನಾನು ಹುಟ್ಟಿದಾಗ ಕಾಗದ ಬರೆದ ಗುಮಾಸ್ತ ಯಾವ ಲಹರಿಯಲ್ಲಿದ್ದನೋ, ‘ನು’ ಬದಲು ‘ನೊ’ ಅಂತ ಗೀಚಿಬಿಟ್ಟ. ಇರಲಿ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೇನೆ. ಗಿರಾಕಿಗಳು ಅರ್ಥ ಕೇಳಿದರೆ ಎದೆ ಮೇಲೆ ಕೈಯಿಟ್ಟು, ಕಣ್ಣು ಅರೆಮುಚ್ಚಿ “ಅಗಾಧ” ಅನ್ನುತ್ತೇನೆ. ಅವರು ಫೋಟೋ ಹೊಡೆದುಕೊಳ್ಳುತ್ತಾರೆ.

ಇಂಥ ಅಗಾಧನಿಗೆ ನನ್ನ ಹೆಂಡತಿ ಲುಕಿಯಾ ಒಲೆ ಹತ್ತಿರದಿಂದಲೇ ಕೇಳಿದಳು: “ನೀನಾ? ಹೆಸರು ಇಡೋದಾ? ಆ ಬೆಕ್ಕಿಗೆ ಇಡು ಅಂದಿದ್ದಕ್ಕೆ ಹನ್ನೊಂದು ವರ್ಷ ಆಯ್ತು. ಇನ್ನೂ ಬೆಕ್ಕು ಅಂತಲೇ ಕರೀತಿದೀವಿ.”

“ಬೆಕ್ಕಿನ ಮಾತು ಬೇರೆ, ವಂಶದ ಮಾತು ಬೇರೆ!”

“ಸರಿ. ಭಾನುವಾರ ಊಟಕ್ಕೆ ಅರವತ್ತು ಜನ ಬರ್ತಾರೆ. ತೂತೂ ಬಂದು ಹೆಸರು ಕೂಗ್ತಾರೆ. ಸೋಮವಾರ ಆಸ್ಪತ್ರೆ ಕಾಗದ ತುಂಬಿ ಕಳಿಸಬೇಕು. ನಿನ್ನ ಹತ್ತಿರ ಇರೋದು ಒಂದು ವಾರ.”

ತೂತೂ ಅಂದರೆ ನಮ್ಮಲ್ಲಿ ಅಜ್ಜಿ. ಇಲ್ಲಿ ನಮ್ಮಮ್ಮ, ಎಂಬತ್ತೇಳು ವರ್ಷದ ಮುದುಕಿ. ಹೆಸರಿಗೆ ತಕ್ಕಂತೆ ನನ್ನ ಬಡಾಯಿಗೆಲ್ಲ ತೂತು ಕೊರೆಯೋದೇ ಆಕೆಯ ಕೆಲಸ. ನಮ್ಮ ಭಾಷೆ ಆಕೆಗೆ ಉಸಿರು. ನನಗೆ? ಆಕೆಯ ಹಿರಿಯರ ಕಾಲದಲ್ಲಿ ಶಾಲೆಯಲ್ಲಿ ನಮ್ಮ ಭಾಷೆ ಮಾತಾಡಿದರೆ ಬೆನ್ನ ಮೇಲೆ ಬೆತ್ತ ಕುಣಿಯುತ್ತಿತ್ತು. ಆ ಏಟು ನನಗೆ ಬೀಳಬಾರದು ಅಂತ ಆಕೆ ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿ ಬೆಳೆಸಿದಳು. ಹಾಗಾಗಿ ನನಗೆ ಬರೋದು ಊಟದ ಮಾತು, ಹಾಡಿನ ಮಾತು, ಬೈಗುಳ. ಇದನ್ನು ನಾನು ಅಂಗಡಿಯಲ್ಲಿ ಯಾರಿಗೂ ಹೇಳಿಲ್ಲ.

ಇನ್ನೊಂದು ಪಾಪವನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಬರಹದಲ್ಲಿ ಎರಡು ಗುರುತುಗಳಿವೆ. ಒಂದು, ತಲೆಕೆಳಗಾದ ಅಲ್ಪವಿರಾಮದಂಥ ಕೊಂಬು, ಇಲ್ಲಿ ’ ಅಂತ ಬರೆದಿದ್ದೇನೆ. ಅದು ಬಂದ ಕಡೆ ಗಂಟಲು ಒಂದು ಕ್ಷಣ ಬಿಕ್ಕಬೇಕು. ಇನ್ನೊಂದು, ಅಕ್ಷರದ ತಲೆ ಮೇಲಿನ ಅಡ್ಡಗೆರೆ. ಅದು ಬಂದ ಕಡೆ ದೀರ್ಘ ಎಳೆಯಬೇಕು. ಇವು ತಪ್ಪಿದರೆ ಮಾತೇ ಬೇರೆ. ನಾನೋ, ಇವನ್ನು ಸಾರಿಗೆ ಉಪ್ಪು ಹಾಕೋ ಹಾಗೆ ಹಾಕುತ್ತಿದ್ದೆ! ಹಲಗೆಯಲ್ಲಿ ಎಲ್ಲಿ ಜಾಗ ಬೋಳಾಗಿ ಕಂಡಿತೋ ಅಲ್ಲೊಂದು ಕೊಂಬು, ಇಲ್ಲೊಂದು ಗೆರೆ. ಗಿರಾಕಿಗಳು “ಆಹಾ, ಎಷ್ಟು ಅಪ್ಪಟ!” ಅಂತ ಕಣ್ಣೀರು ಹಾಕಿಕೊಂಡು ಒಯ್ಯುತ್ತಿದ್ದರು.

ಸೋಮವಾರ ಕಳೆಯಿತು, ಮಂಗಳವಾರ ಕಳೆಯಿತು. ಹೆಸರಿನ ಸುಳಿವಿಲ್ಲ. ಹೊಳೆದದ್ದೆಲ್ಲ ಆಗಲೇ ಯಾವುದೋ ಊರಿನ ತೊಟ್ಟಿಲಿಗೆ ನಾನೇ ಕೆತ್ತಿ ಕೊಟ್ಟಿದ್ದವು.

“ಹೆಸರು ಬಂತಾ?” ಲುಕಿಯಾ ಕೇಳುವಳು.

“ಬರ್ತಾ ಇದೆ.”

“ಈಜಿಕೊಂಡು ಬರ್ತಿದೆಯಾ?”

ಬುಧವಾರ ಬೆಳಿಗ್ಗೆ ಸ್ನಾನಕ್ಕೆ ಹೋದೆ. ತಲೆ ತುಂಬ ನೊರೆ, ಕಣ್ಣು ತುಂಬ ಉರಿ. ನೀರಿಗೆ ತಡಕಾಡುವಾಗ ಕೈಗೆ ಲುಕಿಯಾಳ ಶಾಂಪೂ ಬಾಟಲಿ ಸಿಕ್ಕಿತು. ಒಂದೇ ಕಣ್ಣು ಬಿಟ್ಟು ನೋಡಿದೆ. ಬಿಳಿ ಹೂವಿನ ಚಿತ್ರ, ಮೇಲೆ ಬಳುಕು ಅಕ್ಷರದಲ್ಲಿ ಏನೋ ಹೆಸರು, ಕೆಳಗೆ ‘ಪರಿಮಳದ ಹೂವು’ ಅಂತ ಅರ್ಥ. ಪುಅ... ’ಅ... ಲ... ಪುಅ’ಅಲ! ಆಹಾ! ‘ಪುಅ’ ಅಂದರೆ ಹೂವು, ಇದು ಕೂಸಿಗೂ ಗೊತ್ತು. ಕಣ್ಣು ಉರಿಯುತ್ತಿದ್ದರೂ ಮನಸ್ಸು ತಂಪಾಯಿತು. ನೊರೆ ಸಮೇತ ನಾಲ್ಕು ಹೆಜ್ಜೆ ಕುಣಿದು, ಜಾರಿ ಬಿದ್ದು, ಸೊಂಟ ಹಿಡಿದುಕೊಂಡು ಎದ್ದೆ.

ಆದರೆ ವಂಶೋದ್ಧಾರಕ ತಾತ ಶಾಂಪೂ ಬಾಟಲಿಯಲ್ಲಿ ಹೆಸರು ಹುಡುಕಿದ ಅಂದರೆ ಮರ್ಯಾದೆ ಉಳಿಯುತ್ತದೆಯೇ? ನಮ್ಮಲ್ಲಿ ಹೆಸರು ಬರೋದಕ್ಕೆ ಒಂದು ಗೌರವದ ದಾರಿ ಇದೆ: ಕನಸು. ಹಿರಿಯರು ಕನಸಿನಲ್ಲಿ ಬಂದು ಹೆಸರು ಕೂಗುತ್ತಾರೆ. ಹಾಗೆ ಬಂದ ಹೆಸರಿಗೆ ಎದುರಾಡುವ ಹಾಗಿಲ್ಲ. ಬಾಯಿ ಮುಚ್ಚಿಸೋಕೆ ಇದಕ್ಕಿಂತ ಒಳ್ಳೆ ಉಪಾಯ ಉಂಟೇ?

ರಾತ್ರಿ ಊಟಕ್ಕೆ ಕೂತಾಗ ಅನ್ನಕ್ಕೆ ಕೈ ಹಾಕದೆ ಗೋಡೆ ನೋಡುತ್ತ ಕೂತೆ.

“ಏನಾಯ್ತಪ್ಪಾ?” ಅಂದಳು ನೊಹೆಯಾ.

“ಮಧ್ಯಾಹ್ನ ಜೊಂಪು ಹತ್ತಿತ್ತು ಮಗಳೇ. ಕನಸು ಬಿತ್ತು.” ದನಿಯನ್ನು ಆದಷ್ಟು ಆಳಕ್ಕಿಳಿಸಿದೆ, ಅಗಾಧನಲ್ಲವೇ! “ಕಡಲ ದಂಡೆ. ಬೆಳ್ಳಗೆ ಕೂದಲಿನ ಒಬ್ಬ ಮುದುಕಿ, ಕೊರಳಲ್ಲಿ ಹೂಮಾಲೆ. ದೂರದಿಂದ ನನ್ನ ಕಡೆ ಕೈ ಚಾಚಿ ಕೂಗಿದಳು...”

“ಏನಂತ?”

ದೂರದಿಂದ ಕೂಗೋರು ಹೇಗೆ ಕೂಗುತ್ತಾರೆ? ಕೊನೆಯನ್ನು ಎಳೆಯುತ್ತಾರೆ. ನಾನೂ ಎಳೆದೆ. “ಪುಅ’ಅ... ಲಾಆಆಆ!”

ನೊಹೆಯಾಳ ಕಣ್ಣಲ್ಲಿ ನೀರು. “ಪುಅ ಅಂದ್ರೆ ಹೂವು ಅಲ್ವಾ ಅಪ್ಪಾ?”

“ಪರಿಮಳದ ಹೂವು,” ಅಂದೆ.

“ಎಷ್ಟು ಚೆನ್ನಾಗಿದೆ! ಕೈಲಾನಿ ಬೇಡ ಬಿಡಪ್ಪಾ. ಇದು ನಮ್ಮವರೇ ಕೊಟ್ಟಿದ್ದು.” ಅವಳು ಕೂಸಿನ ಹಣೆಗೆ ಮುತ್ತಿಟ್ಟಳು. ನನಗೆ ಒಳಗೆ ಸ್ವಲ್ಪ ಚುಚ್ಚಿತು, ಇಲ್ಲ ಅನ್ನಲಾರೆ. ಆದರೆ ಹೊಗಳಿಕೆಯ ಮುಂದೆ ಚುಚ್ಚಿದ್ದೆಲ್ಲ ಎಷ್ಟು ಹೊತ್ತು ನಿಲ್ಲುತ್ತೆ?

ಲುಕಿಯಾ ಮಾತ್ರ ನನ್ನ ತಲೆ ಹತ್ತಿರ ಬಂದು ಮೂಸಿದಳು. “ಏನು, ಇವತ್ತು ಘಮ ಘಮ ಅಂತಿದೀಯ?”

“ಕನಸಿನ ಪರಿಮಳ,” ಅಂದೆ. ಅವಳು ‘ಹ್ಞೂಂ’ ಅಂದು ಪಾತ್ರೆ ತೊಳೆಯಲು ಹೋದಳು.

ಗುರುವಾರವೇ ಕೆಲಸ ಶುರು. ಎಷ್ಟೋ ವರ್ಷದಿಂದ ಯಾರಿಗೂ ಕೊಡದೆ ಇಟ್ಟಿದ್ದ ಕೋಅ ಮರದ ಹಲಗೆ ಹೊರತೆಗೆದೆ. ಹೆಸರನ್ನು ಒಂದೇ ಸಾಲಿನಲ್ಲಿ ಕೆತ್ತಬೇಕೆಂದಿದ್ದೆ. ಆದರೆ ನಡುವೆ ಹಾಳಾದ್ದು ಒಂದು ಗಂಟು! ಉಳಿ ಇಟ್ಟರೆ ಜಾರುತ್ತೆ, ಬಡಿದರೆ ಸೀಳುತ್ತೆ. ಮೂವತ್ತು ವರ್ಷದ ಅನುಭವ ಎಲ್ಲಿ ಹೋದೀತು? ಹೆಸರನ್ನು ಎರಡು ಸಾಲು ಮಾಡಿದೆ. ಗಂಟಿನ ಮೇಲೆ ‘ಪುಅ’ಅ’, ಗಂಟಿನ ಕೆಳಗೆ ‘ಲ’. ಕೆಳಗಿನ ಅಕ್ಷರ ಒಂಟಿಯಾಗಿ, ಬೋಳಾಗಿ ಕಂಡಿತು. ಅಭ್ಯಾಸಬಲ, ಅದರ ತಲೆಗೊಂದು ಅಡ್ಡಗೆರೆ ಎಳೆದೆ. ಈಗ ‘ಲಾ’ ಆಯಿತು. ಟೋಪಿ ಹಾಕಿದ ಹಾಗೆ ಲಕ್ಷಣವಾಗಿತ್ತು!

ರೂಬೆನ್ ಬಂದು ನೋಡಿದ. ತಲೆ ಕೆರೆದ. “ಮಾವ, ಇದು... ಓದೋವಾಗ ಒಂಥರಾ...”

“ಒಂಥರಾ ಏನು?”

“ಏನಿಲ್ಲ, ಊಟದ ಪಟ್ಟಿ ಥರ...”

“ನಿಮ್ಮಜ್ಜ ಫಿಲಿಪ್ಪೀನ್ಸಿಂದ ಬಂದೋರು. ನಮ್ಮ ಭಾಷೆ ನಿನಗೇನು ಗೊತ್ತು? ಸುಮ್ನೆ ಫೋಟೋ ತಗೋ, ಅಂಗಿ ಮೇಲೆ ಅಚ್ಚು ಹಾಕಿಸಿಕೊಂಡು ಬಾ. ಅರವತ್ತು!”

ಅವನು ಹೇಳಿದೆನಲ್ಲ, ಒಳ್ಳೆಯವನು. ಅರವತ್ತು ಅಂಗಿ ಅಚ್ಚಾಗಿ ಬಂದವು.

ನೀವು ಕೇಳಬಹುದು, ‘ಪುಅ’ಅ’ ಅಂದರೆ ಹಂದಿ ಅಂತ ನಿನಗೆ ಗೊತ್ತಿರಲಿಲ್ಲವೇನಯ್ಯಾ ಅಂತ. ಗೊತ್ತಿತ್ತು ಸ್ವಾಮಿ! ಚೆನ್ನಾಗಿ ಗೊತ್ತಿತ್ತು. ವಾರಕ್ಕೊಮ್ಮೆ ತಿನ್ನೋನು ನಾನು! ‘ಲಾ’ ಅಂದರೆ ಬಿಸಿಲು ಅಂತಲೂ ಗೊತ್ತಿತ್ತು. ಆದರೆ ನಾನೇ ಕೆತ್ತಿದ್ದು ನೋಡಿ, ಎಷ್ಟು ಸಲ ಓದಿದರೂ ನನ್ನ ಕಣ್ಣಿಗೆ ಹೂವೇ ಕಂಡಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನನ್ನ ಹೆಗ್ಗಣ ಸ್ವಲ್ಪ ದೊಡ್ಡದಿತ್ತು ಅಷ್ಟೆ.

ಭಾನುವಾರ ಬಂತು. ಬೆಳಿಗ್ಗೆಯೇ ಅಂಗಳದಲ್ಲಿ ಗುಂಡಿ ತೋಡಿ, ಕೆಂಡದಂತೆ ಕಾದ ಕಲ್ಲಿನ ಮೇಲೆ ಬಾಳೆ ಎಲೆ ಹಾಸಿ, ಇಡೀ ಹಂದಿ ಮಲಗಿಸಿ ಮುಚ್ಚಿದ್ದೆವು. ಬೋರ್ಡನ್ನು ನಾನೇ ಏಣಿ ಹತ್ತಿ, ಎಲ್ಲರಿಗೂ ಕಾಣಲಿ ಅಂತ ಆ ಗುಂಡಿಯ ಪಕ್ಕದ ಕಂಬಕ್ಕೆ ಕಟ್ಟಿದೆ. ನೊಹೆಯಾ ಮತ್ತು ಕೂಸು ಒಳಗೆ. ತೂತೂ ಬಂದ ಮೇಲೇ ಹೊರಗೆ ಬರಬೇಕು.

ಬಂದವರಿಗೆಲ್ಲ ರೂಬೆನ್ ಅಂಗಿ ಹಂಚಿದ. ಎಲ್ಲರೂ ಹಾಕಿಕೊಂಡರು, ಲುಕಿಯಾ ಒಬ್ಬಳನ್ನು ಬಿಟ್ಟು. “ನಾನು ಆಮೇಲೆ ಹಾಕ್ಕೋತೀನಿ, ಇಸ್ತ್ರಿ ಇಲ್ಲ,” ಅಂದಳು. ಅವಳು ಯಾವತ್ತು ಇಸ್ತ್ರಿ ನೋಡಿದವಳು?

ಪಕ್ಕದ ಮನೆಯ ಕೆಪಾನೊ ಅಂಕಲ್, ಚರ್ಚಿನಲ್ಲಿ ನಮ್ಮ ಭಾಷೆಯ ಹಾಡು ಹಾಡೋ ಹಿರಿಯ, ಬೋರ್ಡಿನ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ.

“ಹೊನೊ! ನಿನ್ನ ಹಂದಿ ಬಹಳ ಚೆನ್ನಾಗಿದೆ ಕಣೋ!”

“ಇನ್ನೂ ಬೆಂದಿಲ್ಲ ಅಂಕಲ್!”

“ಬೇಯಿಸೋದು ಬೇರೆ ಬೇಕಾ? ಬಿಸಿಲಲ್ಲೇ ಇದೆಯಲ್ಲ!”

ಮುದುಕನಿಗೆ ಬೆಳಿಗ್ಗೆಯೇ ಏರಿದೆ ಅಂದುಕೊಂಡೆ. ಅಷ್ಟರಲ್ಲಿ ಇನ್ನಿಬ್ಬರು ಬಂದರು. “ಅಂಕಲ್ ಹೊನೊ, ಹಂದಿ ಬೇಟೆಗೆ ಹೇಳಿ ಮಾಡಿಸಿದ ಅಂಗಿ! ನಮ್ಮ ಗುಂಪಿಗೆ ಇನ್ನೊಂದು ಹತ್ತು ಸಿಗುತ್ತಾ?” ಜನ ತಟ್ಟೆ ಹಿಡಿದುಕೊಂಡು ಬೋರ್ಡಿನ ಕೆಳಗೆ ಸಾಲು ನಿಲ್ಲತೊಡಗಿದರು. ನನ್ನ ಕಲೆಯನ್ನು ಹತ್ತಿರದಿಂದ ನೋಡೋಕೆ ಇಷ್ಟು ಜನವೇ ಅಂತ ನನ್ನ ಎದೆ ಉಬ್ಬಿತು!

ಆಗ ತೂತೂ ಬಂದಳು. ಕೋಲೂರಿಕೊಂಡು, ಹೂವಿನ ಟೋಪಿ ಹಾಕಿಕೊಂಡು. ನೊಹೆಯಾ ಕೂಸನ್ನೆತ್ತಿಕೊಂಡು ಹೊರಗೆ ಬಂದಳು. ತೂತೂ ಕತ್ತೆತ್ತಿ ಬೋರ್ಡು ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು.

“ಊಟಕ್ಕೆ ಏನಿದೆ ಅಂತ ಬೋರ್ಡು ಬೇರೆ ಬರೆಸಿದೀಯಾ ಮಗನೇ?”

“ಅದು ಊಟದ್ದಲ್ಲಮ್ಮ, ಹೆಸರು! ನಿನ್ನ ಮರಿಮಗಳ ಹೆಸರು!”

“ಬಿಸಿಲು ಹಂದಿ?”

ಯಾರದೋ ಕೈಯಿಂದ ತಟ್ಟೆ ಬಿತ್ತು. ನಾನು ಬೋರ್ಡು ನೋಡಿದೆ. ಅಷ್ಟು ದಿನ ಹೂವಾಗಿದ್ದದ್ದು ನನ್ನ ಕಣ್ಣ ಮುಂದೆಯೇ ಬಾಲ ಸುರುಟಿಕೊಂಡು, ಮೂತಿ ಚಾಚಿಕೊಂಡು ಹಂದಿಯಾಯಿತು! ಸುತ್ತ ನೋಡಿದರೆ ಅರವತ್ತು ಎದೆಗಳ ಮೇಲೆ ಅರವತ್ತು ಹಂದಿ!

“ಅಪ್ಪಾ?!” ನೊಹೆಯಾ ಕೂಗಿದಳು.

“ಗಂಟು!” ಅಂದೆ. “ಮರದ ಗಂಟು! ಆಮೇಲೆ... ಅಚ್ಚು ಹಾಕಿದೋನು...”

“ಅಚ್ಚಿನೋನು ಬೋರ್ಡು ಕೆತ್ತಿದನಾ?” ಲುಕಿಯಾ ಕೇಳಿದಳು.

ನೊಹೆಯಾ ಅಳುದನಿಯಲ್ಲಿ ಹೇಳಿದಳು: “ತೂತೂ, ಅಪ್ಪನಿಗೆ ಕನಸಲ್ಲಿ ಬಂದ ಹೆಸರು ಅದು! ಪರಿಮಳದ ಹೂವು ಅಂದಿದ್ದ!”

ತೂತೂಳ ಮುಖ ಬದಲಾಯಿತು. ನಗು ಹೋಯಿತು. ಕೋಲನ್ನು ನೆಲಕ್ಕೂರಿ ನನ್ನ ಹತ್ತಿರ ಬಂದಳು. “ಕನಸಾ? ಯಾರು ಬಂದಿದ್ದರು?”

“ಬೆಳ್ಳಗೆ ಕೂದಲಿನ ಮುದುಕಿ...”

“ಹೂಮಾಲೆ?”

“ಇತ್ತು.”

“ಅವಳು ಹೇಗೆ ಕೂಗಿದಳೋ ಹಾಗೇ ಕೂಗಿ ಹೇಳು.”

“ಪುಅ’ಅ... ಲಾ...”

ತೂತೂ ಮತ್ತೊಮ್ಮೆ ಬೋರ್ಡು ನೋಡಿದಳು. ಆಮೇಲೆ ಹೇಳಿದಳು: “ಹಾಗಾದರೆ ಅವಳು ಹಂದಿ ಅಂತಲೇ ಕೂಗಿರೋದು. ಕನಸಲ್ಲಿ ಬಂದ ಹೆಸರು ಬೇಡ ಅನ್ನೋ ಹಾಗಿಲ್ಲ. ಬೇಡ ಅಂದರೆ ಕೂಸಿನ ಮೈಗೆ ಒಳ್ಳೇದಲ್ಲ. ನೊಹೆಯಾ, ಕೊಡಮ್ಮ ಇಲ್ಲಿ. ಅದೇ ಹೆಸರು ಕೂಗ್ತೀನಿ.”

“ತೂತೂ, ಬೇಡ!” ನೊಹೆಯಾ ಕೂಸನ್ನು ಬಿಗಿಯಾಗಿ ಅಪ್ಪಿಕೊಂಡಳು.

ಒಂದು ಮಾತು, ‘ಕನಸು ಸುಳ್ಳು’ ಅನ್ನೋ ಒಂದೇ ಮಾತು ಹೇಳಿದರೆ ಮುಗಿಯಿತು. ಆದರೆ ಅರವತ್ತು ಜನ! ಸಂತೆಯವರು, ಚರ್ಚಿನವರು, ಬೀಗರು! ನಾಲಿಗೆ ಸತ್ಯದ ಕಡೆ ಹೊರಟು ಅರ್ಧದಾರಿಯಲ್ಲಿ ತಿರುಗಿಕೊಂಡಿತು.

“ಅಮ್ಮಾ, ಅಲೆ ಸದ್ದು ಜಾಸ್ತಿ ಇತ್ತು. ನನಗೆ ತಪ್ಪು ಕೇಳಿಸಿರಬಹುದು!”

“ಹೌದಾ?” ತೂತೂ ಯೋಚಿಸಿದಳು. “ಹಾಗಿದ್ದರೆ ಮತ್ತೆ ಕೇಳು.”

“ಯಾರನ್ನ?”

“ಆ ಮುದುಕೀನ. ಮಲಕ್ಕೋ. ಕನಸಲ್ಲಿ ಕೇಳ್ಕೊಂಡು ಬಾ. ನಾವು ಕಾಯ್ತೀವಿ.”

“ಈಗಲಾ?”

“ಹಂದಿ ಬೇಯೋಕೆ ಇನ್ನೂ ಒಂದು ಗಂಟೆ ಇದೆ.”

ಸ್ವಾಮಿ, ಜೀವಮಾನದಲ್ಲಿ ಎಂಥೆಂಥ ಕಡೆ ಮಲಗಿದ್ದೇನೆ. ಹೀಗೆ ಮಲಗಿರಲಿಲ್ಲ! ಎರಡು ಮಾವಿನ ಮರದ ನಡುವಿನ ಜೋಲಿಯಲ್ಲಿ ನನ್ನನ್ನು ಮಲಗಿಸಿದರು. ಸುತ್ತ ಅರವತ್ತು ಹಂದಿ ಅಂಗಿಗಳು ಉಸಿರು ಬಿಗಿ ಹಿಡಿದು ನಿಂತವು. ಕಣ್ಣು ಮುಚ್ಚಿದೆ. ಎಲ್ಲಿಯ ನಿದ್ದೆ! ಮೂಗಿನ ಮೇಲೆ ಒಂದು ನೊಣ ಕೂತಿತು. ಓಡಿಸೋ ಹಾಗಿಲ್ಲ, ನಿದ್ದೆ ಬಂದವನು ನೊಣ ಓಡಿಸುತ್ತಾನೆಯೇ?

“ಬಂತಾ ನಿದ್ದೆ?” ಕೆಪಾನೊ ಅಂಕಲ್ ಪಿಸುಗುಟ್ಟಿದ.

“ಇಲ್ಲ,” ಅಂದೆ ಮರೆತು.

“ಶ್! ಅವನನ್ನ ಮಾತಾಡಿಸಬೇಡಿ!” ತೂತೂ ಗದರಿದಳು. ನಾನು ಗೊರಕೆ ಹೊಡೆದು ನೋಡಿದೆ. ಎರಡನೇ ಗೊರಕೆಗೆ ಕಿವಿಯ ಹತ್ತಿರ ಬಿಸಿ ಉಸಿರು ಬಿತ್ತು.

“ಹೊನೊ,” ಲುಕಿಯಾಳ ದನಿ, ತೀರಾ ಮೆತ್ತಗೆ. “ನಿನ್ನ ಗೊರಕೆ ಇದಲ್ಲ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇನ್ನೊಂದು ಮಾತು. ಬಚ್ಚಲಲ್ಲಿರೋ ಆ ಮುದುಕೀನ ನಾನೂ ನೋಡಿದೀನಿ. ಒಣಗಿದ ಕೂದಲಿಗೆ ಒಳ್ಳೇದು ಅಂತ ಬೆನ್ನ ಮೇಲೆ ಬರೆದಿದೆ.”

ಒಂದು ಕಣ್ಣು ಬಿಟ್ಟೆ. ಅವಳು ನಗುತ್ತಿರಲಿಲ್ಲ. ಗದ್ದದಿಂದ ಆ ಕಡೆ ತೋರಿಸಿದಳು. ನೊಹೆಯಾ ಮರಕ್ಕೊರಗಿ ನಿಂತಿದ್ದಳು, ಕೆನ್ನೆ ಮೇಲೆ ನೀರು. ತೋಳಲ್ಲಿ ಕೂಸು, ಹದಿನೈದು ದಿನದ ಜೀವ, ಏನೂ ಗೊತ್ತಿಲ್ಲದೆ ಬಾಯಿ ಚಪ್ಪರಿಸುತ್ತಿತ್ತು. ಶಾಲೆಯಲ್ಲಿ ಹಾಜರಿ ಕೂಗೋದು ನನ್ನ ಕಿವಿಗೇ ಕೇಳಿಸಿತು. “ಹಂದಿ!” “ಬಂದೆ ಟೀಚರ್!” ನಾಳೆ ಮದುವೆ ಕಾಗದದಲ್ಲೂ ಅದೇ. ಎಲ್ಲ ಒಬ್ಬ ಬಡಾಯಿಕೋರ ತಾತ ಒಂದು ನಿಜ ನುಂಗಿದ್ದಕ್ಕೆ! ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಜೋಲಿಯಿಂದ ಧಡಕ್ಕನೆ ಏಳಲು ಹೋಗಿ ಅದು ತಿರುಚಿಕೊಂಡು, ಬೋರಲು ಬಿದ್ದೆ. ಬಿದ್ದಲ್ಲಿಂದಲೇ ಹೇಳಿದೆ:

“ಕನಸೇ ಬಿದ್ದಿಲ್ಲ! ಮುದುಕಿಯೂ ಇಲ್ಲ, ಕಡಲೂ ಇಲ್ಲ! ಶಾಂಪೂ ಬಾಟ್ಲಿ! ಕಣ್ಣಲ್ಲಿ ನೊರೆ ಇತ್ತು! ನನಗೆ ನಮ್ಮ ಭಾಷೆ ಬರಲ್ಲ! ಕೊಂಬು ಎಲ್ಲಿ ಹಾಕಬೇಕು, ಗೆರೆ ಎಲ್ಲಿ ಎಳೀಬೇಕು, ಒಂದೂ ಗೊತ್ತಿಲ್ಲ! ಮೂವತ್ತು ವರ್ಷದಿಂದ ಉಪ್ಪು ಹಾಕೋ ಹಾಗೆ ಹಾಕಿದೀನಿ! ನೊಹೆಯಾ, ತಪ್ಪಾಯ್ತು ಮಗಳೇ. ನಿನಗೆ ಹೇಗೆ ಬೇಕೋ ಹಾಗೆ ಇಡು. ಕೈಲಾನಿ ಅಂತಲೇ ಇಡು!”

ಮೊದಲು ನಕ್ಕವಳು ನೊಹೆಯಾ. ಅಳುತ್ತಲೇ ನಕ್ಕಳು. “ಶಾಂಪೂನಾ ಅಪ್ಪಾ?” ಆಮೇಲೆ ಅಂಗಳವೇ ನಕ್ಕಿತು. ಕೆಪಾನೊ ಅಂಕಲ್ ನಗುತ್ತ ನಗುತ್ತ ತಾನೇ ಜೋಲಿಗೆ ಬಿದ್ದ.

ತೂತೂ ನಗಲಿಲ್ಲ. “ಆ ಬಾಟ್ಲಿ ತಗೊಂಡು ಬಾ,” ಅಂದಳು. ರೂಬೆನ್ ತಂದ. ತೂತೂ ಕಣ್ಣಿಗೆ ಹತ್ತಿರ ಹಿಡಿದು ಓದಿದಳು. ಆಮೇಲೆ ಕೂಸನ್ನು ತೋಳಿಗೆ ತೆಗೆದುಕೊಂಡು, ಹಣೆಗೆ ಹಣೆ ಮೂಗಿಗೆ ಮೂಗು ತಾಗಿಸಿ, ಮೆಲ್ಲಗೆ ಅಂದಳು:

“ಪುಅ... ’ಅಲ.”

ಅಷ್ಟೇ. ಉಸಿರು ಒಂದೇ ಒಂದು ಕೂದಲೆಳೆಯಷ್ಟು ಈಚೆ, ‘ಪುಅ’ ಆದ ಕೂಡಲೇ ನಿಂತಿತು, ಕೊನೆಗೆ ಎಳೆಯಲಿಲ್ಲ. ಹಂದಿ ಹೋಗಿ ಹೂವು ಬಂತು! ಕೂಸು ಬಾಯಿ ಚಪ್ಪರಿಸೋದು ನಿಲ್ಲಿಸಿ ಆಕೆಯನ್ನೇ ನೋಡಿತು.

“ಹೆಸರು ಒಳ್ಳೇದೇ,” ಅಂದಳು ತೂತೂ. “ಬಾಟ್ಲಿಯಿಂದ ಬಂದರೇನು? ನಿನಗಿಷ್ಟಾನಾ ನೊಹೆಯಾ?”

“ಹೀಗೆ ಕರೆದರೆ ಇಷ್ಟ ತೂತೂ,” ಅಂದಳು ನೊಹೆಯಾ, ಕಣ್ಣೊರೆಸಿಕೊಂಡು. “ಆದರೆ ಕರೆಯೋದು ಹೇಗೆ ಅಂತ ಇವಳಿಗೆ ನೀವೇ ಕಲಿಸಬೇಕು.”

“ಕಲಿಸ್ತೀನಿ. ಇವನಿಗೂ ಸೇರಿಸಿ. ಆ ಬೋರ್ಡು ಒಂದು ವರ್ಷ ಅಲ್ಲೇ ಇರಲಿ. ಕಾಗದದಲ್ಲಿ ಹೂವು, ಮನೇಲಿ ಹಂದಿ. ಇಷ್ಟು ಮುದ್ದಾದ ಕೂಸು, ಯಾವುದರ ಕಣ್ಣಾದರೂ ಬಿದ್ದೀತು. ಹಂದಿ ಅಂತ ಕೂಗಿದರೆ ಕೆಟ್ಟದ್ದೆಲ್ಲ ‘ಥೂ, ಇದು ಬೇಡ’ ಅಂತ ಮುಂದೆ ಹೋಗುತ್ತೆ. ನಮ್ಮ ಮನೇಲಿ ಮೊದಲಿಂದ ಇರೋ ಕ್ರಮ. ನಿನಗೂ ಹಾಗೇ ಇಟ್ಟಿದ್ದು ಕಣೋ ಮಗನೇ, ಕಹೊಹೊನೊ ಅಂತ.”

ನಾನು ಮಣ್ಣು ಕೊಡವಿಕೊಂಡು ಏಳುತ್ತಿದ್ದವನು ಅರ್ಧಕ್ಕೇ ನಿಂತೆ. “ನನಗಾ? ನಂದು ಆಳಕಡಲಲ್ವಾ ಅಮ್ಮಾ? ಗುಮಾಸ್ತ ‘ನು’ ಬದಲು ‘ನೊ’ ಅಂತ...”

“ಯಾವ ಗುಮಾಸ್ತ? ಪಾಪ, ಅವನು ನಾನು ಹೇಳಿದ್ದನ್ನೇ ಬರೆದ. ಮೂರು ಸಲ ಬಿಡಿಸಿ ಬಿಡಿಸಿ ಹೇಳಿದ್ದೆ. ಹೊಹೊನೊ.”

“ಹಾಗಂದರೆ?”

“ನಾತ ಕಣೋ. ಉಚ್ಚೆ ನಾತ.”

ಅಂಗಳದಲ್ಲಿ ಮತ್ತೆ ತಟ್ಟೆ ಬಿತ್ತು. ತೂತೂ ನನ್ನ ಕೆನ್ನೆ ಮೇಲೆ ಕೈಯಿಟ್ಟಳು. “ನಿನಗಿಂತ ಮುಂಚೆ ಎರಡು ಹೋಗಿದ್ವು ಮಗನೇ. ಎರಡಕ್ಕೂ ಚೆಂದದ ಹೆಸರಿಟ್ಟಿದ್ವಿ. ನೀನು ಹುಟ್ಟಿದಾಗ ನಮ್ಮಮ್ಮ ನಿನ್ನ ಒದ್ದೆ ಬಟ್ಟೆ ಮೂಸಿ, ಬಾಗಿಲಿಗೆ ಕೇಳೋ ಹಾಗೆ ಕೂಗಿದಳು, ‘ಹೊಹೊನೊ!’ ಅಂತ. ಅರವತ್ತೊಂದು ವರ್ಷ ಆಯ್ತು. ನಿನ್ನ ಹತ್ತಿರ ಯಾವ ಕೇಡೂ ಸುಳಿದಿಲ್ಲ. ಕೆಲಸ ಮಾಡ್ತಿರೋ ಹೆಸರು, ಕೆದಕೋದು ಬೇಡ ಅಂತ ಸುಮ್ನಿದ್ದೆ.”

ನಾನು ಆಕೆಯ ಕೈ ಹಿಡಿದುಕೊಂಡೆ. ಆಮೇಲೆ ಮೆಲ್ಲಗೆ ಇನ್ನೊಂದು ವಿಷಯ ತಲೆಗೆ ಹೊಕ್ಕಿತು. ಮೂವತ್ತು ವರ್ಷ! ಸಾವಿರಾರು ಹಲಗೆ! ಹಿಮ ಬೀಳುವ ಊರೂರುಗಳಲ್ಲಿ, ಸಾವಿರಾರು ಕೈಲಾನಿಗಳ ತೊಟ್ಟಿಲಿನ ಮೇಲೆ, ನನ್ನ ಕೈಯಾರೆ ಕೆತ್ತಿದ ‘ಉಚ್ಚೆ ನಾತ, ಹಿಲೋ’!

ಎದೆ ಮೇಲೆ ಕೈಯಿಟ್ಟು ಕಣ್ಣು ಅರೆಮುಚ್ಚಿ ತೆಗೆಸಿಕೊಂಡ ಫೋಟೋಗಳು ಬೇರೆ!

ಲುಕಿಯಾ ಆಗ ತಾನೇ ಅಂಗಿಯ ಮಡಿಕೆ ಬಿಡಿಸಿ, ಹಂದಿ ಕಾಣೋ ಹಾಗೆ ಎದೆ ಮೇಲೆ ಹಾಕಿಕೊಂಡು ಬರುತ್ತಿದ್ದಳು. ನಾನು ಓಡಿಹೋಗಿ ಅವಳ ಭುಜ ಹಿಡಿದೆ.

“ಲುಕಿಯಾ, ನಿಜ ಹೇಳು. ನಿನಗೆ ನನ್ನ ಹೆಸರಿನ ಅರ್ಥ ಗೊತ್ತಿತ್ತಾ?”

“ನಿಮ್ಮಮ್ಮ ಮದುವೆ ದಿನಾನೇ ಹೇಳಿದ್ರು,” ಅಂದಳು ಅವಳು ತಣ್ಣಗೆ. “ಆಗ ನಂಬಿರಲಿಲ್ಲ. ಮಾರನೇ ದಿನದಿಂದ ನಿನ್ನ ಬನೀನು ಒಗೆಯೋಕೆ ಶುರು ಮಾಡಿದ್ನಲ್ಲ, ಗುಮಾಸ್ತಂದು ಏನೂ ತಪ್ಪಿಲ್ಲ ಅಂತ ಗೊತ್ತಾಯ್ತು!”